ದೋಣಿಯ ಹಲಗೆ ಎತ್ತಿದ ದಿನ

ಮನೆಯಿಂದ,
ಹನ್ನೆರಡನೇ ತಾರೀಖು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಬೆನ್ನು ನೋವು ಕಡಿಮೆಯಾಯಿತೇ? ಹಡಗಿನ ಯಾರ್ಡಿನಲ್ಲಿ ಬಗ್ಗಿ ಬಗ್ಗಿ ಬಣ್ಣ ಬಳಿಯುವಾಗ ನಡುನಡುವೆ ಎದ್ದು ನಿಂತುಕೋ ಅಂತ ನಿನ್ನಮ್ಮ ಹೇಳಿದ್ದಾಳೆ. ತಾನು ಮಾತ್ರ ಎರಡು ನಿಮಿಷ ಸುಮ್ಮನೆ ಕೂರುವವಳಲ್ಲ, ಆ ಮಾತು ಬೇರೆ. ನಿನ್ನ ಮಗಳು ಚೆನ್ನಾಗಿದ್ದಾಳೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಮುಂದಿನದನ್ನು ಓದುವಾಗ ನಿನ್ನ ಎದೆ ಧಸಕ್ಕೆನ್ನಬಾರದು. ಮುಂದಿನ ಎರಡು ಹಲ್ಲು ಬಿದ್ದಿವೆ, ಬಾಯಿ ಮಾತ್ರ ನಿಂತಿಲ್ಲ.

ನನ್ನ ಮಂಡಿಯ ಕಥೆ ನಿನಗೆ ಗೊತ್ತಲ್ಲ. ನಮ್ಮ ಅಲ್ಯೂಮಿನಿಯಂ ದೋಣಿಯಲ್ಲಿ ಕೂತರೆ ಏಳಲಾಗುವುದಿಲ್ಲ, ಎದ್ದರೆ ಕೂರಲಾಗುವುದಿಲ್ಲ. ಅದಕ್ಕೆ ನಿನ್ನಮ್ಮ ಹಟ ಹಿಡಿದು ಒಂದು ತಿರುಗುವ ಕುರ್ಚಿ ತರಿಸಿದಳು. ಜೊತೆಗೆ ಗಾಳದ ಕೋಲು ಸಿಕ್ಕಿಸುವ ಎರಡು ಹಿಡಿಕೆ, ನೀರಿನಡಿಯ ಮೀನು ತೋರಿಸುವ ಪುಟ್ಟ ಪರದೆ. (ಮೀನು ಎಲ್ಲಿದೆ ಅಂತ ಪರದೆಗೇ ಗೊತ್ತಿದ್ದರೆ ಅದನ್ನೇ ಹಿಡಿಯೋಕೆ ಕಳಿಸು, ನಾನ್ಯಾಕೆ ಅಂದೆ. ಯಾರೂ ನಗಲಿಲ್ಲ.) ಇಷ್ಟನ್ನೂ ದೋಣಿಯ ಬರೀ ನೆಲದ ಹಲಗೆಗೆ ತಿರುಪು ಹಾಕಿ ನಿಲ್ಲಿಸಿದರೆ, ನಾನು ಒಮ್ಮೆ ವಾಲಿದ ಕೂಡಲೇ ಕುರ್ಚಿಯೂ ನಾನೂ ಜೊತೆಯಾಗಿ ನೀರಿಗೆ. ಹಾಗಾಗಿ ಹಲಗೆ ಎತ್ತಿ, ಅದರಡಿಗೆ ಅಲ್ಯೂಮಿನಿಯಂ ಪಟ್ಟಿ ಕೊಟ್ಟು ಬಲಪಡಿಸೋಣ ಅಂತ ಮೂರು ವಾರದ ಹಿಂದೆ ಶನಿವಾರ ಬೆಳಿಗ್ಗೆ ಶೆಡ್ಡಿನಲ್ಲಿ ಕೆಲಸಕ್ಕೆ ಕೂತೆವು. ಎರಡು ವರ್ಷದ ಹಿಂದೆ, ನೀನು ಹೊರಡುವ ವಾರ, ನಾವಿಬ್ಬರೂ ಸೇರಿ ಹಾಸಿದ್ದೆವಲ್ಲ, ಅದೇ ಹಲಗೆ.

ಮೊದಲ ತಿರುಪು ಬೆರಳಿಗೇ ಎದ್ದು ಬಂತು. ಎರಡನೆಯದೂ ಹಾಗೇ. ಹಲಗೆ ಎತ್ತಿದರೆ, ಅಯ್ಯೋ ಮಗಳೇ, ಅಡಿಯಲ್ಲಿ ದೋಣಿಯೇ ಇರಲಿಲ್ಲ ಅನ್ನು! ಹಲಗೆ ಹೊತ್ತಿದ್ದ ಅಲ್ಯೂಮಿನಿಯಂ ಅಡ್ಡಪಟ್ಟಿಗಳು ಬಿಳಿ ಪುಡಿಯಾಗಿ ಉದುರುತ್ತಿದ್ದವು. ಹಲಗೆಯ ಅಂಚು ತಾಗಿದ್ದ ಕಡೆಯೆಲ್ಲ ತಳದ ತಗಡಿನ ಮೇಲೆ ಗುಳಿಗಳು. ಒಂದರ ಮೇಲೆ ಸ್ಕ್ರೂಡ್ರೈವರ್ ತುದಿ ಇಟ್ಟೆ ಅಷ್ಟೇ, ಒತ್ತಲೂ ಇಲ್ಲ, ಅದು ತಗಡು ದಾಟಿ ಆಚೆ ಹೋಯಿತು. ನಿನ್ನಮ್ಮ ಬಗ್ಗಿ ನೋಡಿ, "ಇದೇನ್ರೀ ಇದು, ಇಷ್ಟು ದಿನ ಬರೀ ಬಣ್ಣದ ಮೇಲೆ ತೇಲ್ತಿದ್ವಾ?" ಅಂದಳು. ಹಿಂದಿನ ಭಾನುವಾರ ನಿನ್ನ ಮಗಳು ಅದೇ ಜಾಗದಲ್ಲಿ ನಿಂತು, ಮೀನು ಸಿಕ್ಕಿತು ಅಂತ ಕುಣಿದಿದ್ದಳು. ಆಗ ದಡ ಎಷ್ಟು ದೂರವಿತ್ತು ಅಂತ ಈಗಲೂ ರಾತ್ರಿ ಎದ್ದು ಕೂತು ಲೆಕ್ಕ ಹಾಕುತ್ತೇನೆ. ದೋಣಿಯೊಳಗೆ ಆಗಾಗ ನೀರು ಕಾಣುತ್ತಿತ್ತು. ಅಲೆ ಹಾರಿದ್ದು ಅಂದುಕೊಂಡು ಮಗ್ಗಿನಲ್ಲಿ ಮೊಗೆದು ಚೆಲ್ಲುತ್ತಿದ್ದೆ. ಬುದ್ಧಿ ಎಲ್ಲಿಟ್ಟಿದ್ದೆನೋ!

ಪಕ್ಕದ ಬೀದಿಯ ವೆಲ್ಡಿಂಗಿನವನನ್ನು ಕರೆಸಿದೆ. ಅವನು ಹಲಗೆ ತಿರುಗಿಸಿ ಅದರ ಹಸಿರು ಬಣ್ಣ ನೋಡಿದವನೇ ತಲೆ ಮೇಲೆ ಕೈ ಹೊತ್ತ. "ಹುಳ ಹಿಡೀಬಾರ್ದು ಅಂತ ಔಷಧಿ ಕುಡಿಸಿದ ಪ್ಲೈವುಡ್ ಇದು ಯಜಮಾನ್ರೇ. ಇದರಲ್ಲಿ ತಾಮ್ರ ಇರುತ್ತೆ. ತೇವ ಆದ್ರೆ ಅಲ್ಯೂಮಿನಿಯಂನ ತಿಂದು ಹಾಕುತ್ತೆ" ಅಂದ. ನಾನು ಅದನ್ನು ಮಾರಿದ ಮರದ ಅಂಗಡಿಯವನನ್ನು ಬಾಯಿಗೆ ಬಂದಂತೆ ಬೈದೆ. ನಲವತ್ತು ವರ್ಷ ಬಾಗಿಲು ಕಿಟಕಿ ಮಾಡಿದ ಬಡಗಿಗೇ ಇಂಥದ್ದು ಕೊಟ್ಟನಲ್ಲ, ಮನೆಹಾಳ, ಅಂದೆ. ನಿನ್ನಮ್ಮ ನನಗಿಂತ ಹೆಚ್ಚು ಬೈದಳು.

ಈಗ ತಳಕ್ಕೆ ಹೊಸ ತಗಡು ಬೆಸೆದಾಗಿದೆ, ಅಡ್ಡಪಟ್ಟಿಗಳೂ ಹೊಸವು. ಈ ಸಲ ಸಾದಾ ಪ್ಲೈವುಡ್, ಅಂಚೂ ಬಿಡದೆ ಮೂರು ಸಲ ರಾಳ ಬಳಿದಿದ್ದೇನೆ. ಕುರ್ಚಿಯ ಕೆಳಗೆ ಊಟದ ತಟ್ಟೆಯಷ್ಟು ಅಗಲದ ದಪ್ಪ ತಗಡು, ಒಂದೊಂದು ಬೋಲ್ಟಿಗೂ ರಬ್ಬರ್ ಬಿಲ್ಲೆ. ದೋಣಿಯೊಳಗೆ ನೀರು ತುಂಬಿ, ಕೆಳಗೆ ಹಳೇ ಪೇಪರ್ ಹಾಸಿ ಇಡೀ ಹಗಲು ಕಾದೆ. ಒಂದು ಹನಿ ಬೀಳಲಿಲ್ಲ. ಮಗು ದಿನಾ "ತಾತಾ, ಈ ಭಾನುವಾರ ಹೋಗೋಣ್ವಾ?" ಅಂತ ಪ್ರಾಣ ತಿನ್ನುತ್ತಾಳೆ. ಅವಳಿಗೆ ಏನೂ ಹೇಳಿಲ್ಲ. ನಮ್ಮನ್ನು ನಂಬಿ ಅವಳನ್ನು ಬಿಟ್ಟುಹೋದವಳು ನೀನು. ನೀನು ಹೂಂ ಅನ್ನುವವರೆಗೆ ಅವಳನ್ನು ದೋಣಿ ಹತ್ತಿಸುವುದಿಲ್ಲ. ಹೂಂ ಅಂತ ಬರೆ, ತಾಯಿ.

ಹೊತ್ತಿಗೆ ಸರಿಯಾಗಿ ಉಣ್ಣು. ಬಣ್ಣದ ವಾಸನೆಗೆ ಮೂಗಿಗೆ ಬಟ್ಟೆ ಕಟ್ಟಿಕೋ. ನಮ್ಮಿಬ್ಬರ ಆಶೀರ್ವಾದ ಸದಾ ನಿನ್ನ ಬೆನ್ನಿಗಿದೆ.

ನಿನ್ನ ಅಪ್ಪ

ವಿ.ಸೂ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಅಂಗಡಿಯವನದು ತಪ್ಪಿಲ್ಲ ಮಗಳೇ. "ದೋಣಿ ಮರದ್ದಾ, ಅಲ್ಯೂಮಿನಿಯಂದಾ?" ಅಂತ ಹಲಗೆ ಕೊಳ್ಳುವಾಗಲೇ ಅವನು ಕೇಳಿಯೇ ಕೇಳಿದ್ದ. ಅಂಗಡಿ ತುಂಬ ನನ್ನ ಕಸುಬಿನವರು. ಅವರೆದುರು ತಗಡಿನ ದೋಣಿ ಅನ್ನಲು ನಾಚಿಕೆಯಾಯಿತು. "ಮರದ್ದೇ, ನಾನೇ ಕಟ್ಟಿದ್ದು" ಅಂದುಬಿಟ್ಟೆ. ಅದಕ್ಕೇ ಅವನು ಆ ಔಷಧಿಯ ಹಲಗೆ ಕೊಟ್ಟ. ನಿನ್ನಮ್ಮನಿಗೂ ಇದು ಗೊತ್ತಿಲ್ಲ. ಇದನ್ನು ಓದಿಯೂ ಮಗುವನ್ನು ನನ್ನ ಜೊತೆ ಕಳಿಸುವುದಾದರೆ ಹೂಂ ಅನ್ನು. ಇಲ್ಲವಾದರೆ ದೋಣಿ ಯಾರಿಗಾದರೂ ಕೊಟ್ಟುಬಿಡುತ್ತೇನೆ. ಯಾಕೆ ಕೊಟ್ಟೆ ಅಂತ ಮಗುವಿಗೆ ನಾನೇ ಹೇಳುತ್ತೇನೆ.