ನಾಲ್ಕನೆಯ ನಟ್ಟಿನ ಕೆಂಪು ಗುರುತು

ದಾವಣಗೆರೆ,
18 ಸೆಪ್ಟೆಂಬರ್ 1988, ಭಾನುವಾರ

ಪ್ರೀತಿಯ ಮುದ್ದಣ್ಣ ಮಾವನಿಗೆ,

ಮೊದಲು ಕ್ಷಮೆ ಕೇಳುತ್ತೇನೆ, ಈ ಪತ್ರ ಬರೆಯುತ್ತಿರುವುದಕ್ಕೇ. ನಾಲ್ಕು ತಿಂಗಳು ಸುಮ್ಮನಿದ್ದವಳಿಗೆ ಈಗ ಏನು ನೆನಪಾಯಿತು ಅಂತ ನಿಮಗೆ ಅನ್ನಿಸಬಹುದು. ಒಂದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದ ನನ್ನ ಕನ್ನಡ ಅರ್ಧ ಇಂಗ್ಲಿಷು. ನಾಲ್ಕು ಸಲ ಬರೆದು ಹರಿದು, ಇದು ಐದನೆಯದು. ನಿಮಗೆ ಓದಿ ಹೇಳುವವರು ನಾಗತ್ತೆಯೇ ಅಂತ ಗೊತ್ತು. ಓದಲಿ. ಅವರಿಗೂ ತಿಳಿಯಬೇಕಾದದ್ದೇ.

ಇಲ್ಲಿ ಇಂಜಿನಿಯರಿಂಗ್ ಮೊದಲ ವರ್ಷಕ್ಕೆ ಸೇರಿದ್ದೇನೆ. ಅರವತ್ತು ಜನರಲ್ಲಿ ಹುಡುಗಿ ಅಂದರೆ ನಾನೊಬ್ಬಳೇ. ಮೊನ್ನೆ ವರ್ಕ್‌ಶಾಪಿನಲ್ಲಿ ಎರಡು ಪೈಪು ಜೋಡಿಸಿ, ಬಿಗಿಯಾಗಿದೆ ಅಂತ ಚೀಟಿಯಲ್ಲಿ ಸಹಿ ಹಾಕಬೇಕಿತ್ತು. ಸಹಿಗೆ ಕೊಟ್ಟದ್ದು ಕೆಂಪು ಪೆನ್ನು. ಕೈ ಏಳಲಿಲ್ಲ. ಮೇಷ್ಟ್ರು ಹನುಮಂತಯ್ಯ ಬಂದು, "ಯಾಕಮ್ಮ, ಬಿಗಿ ಆಗಿಲ್ವಾ?" ಅಂದರು. ಆಗಿದೆ ಸರ್ ಅಂದೆ. ಆದರೂ ಇನ್ನೊಂದು ಸಲ ಸ್ಪ್ಯಾನರ್ ಹಾಕಿದೆ. ಆಮೇಲೆ ಮತ್ತೊಂದು ಸಲ. ಕೊನೆಗೆ ತಿರುಪೇ ಕಿತ್ತು ನಟ್ಟು ಕೈಗೆ ಬಂತು. ಹುಡುಗರೆಲ್ಲ ನಕ್ಕರು. ನನಗೆ ಮಾತ್ರ ನಿಮ್ಮ ದನಿ ಕೇಳಿಸಿತು: "ಗುರುತು ಬಿದ್ದ ನಟ್ಟಿಗೆ ಮತ್ತೆ ಕೈ ಹಾಕಬಾರ್ದವ್ವ. ಅದು ಮುಗೀತು ಅಂತ ಅರ್ಥ."

ಆ ಮೇ ತಿಂಗಳು ನಿಮಗೂ ನೆನಪಿದೆ. ದೊಡ್ಡಪ್ಪನ ಹಸಿರು ಸ್ಪೋರ್ಟ್ಸ್ ಕಾರು, ಗಣಿಯ ಸಾಹೇಬರೊಬ್ಬರು ಊರು ಬಿಡುವಾಗ ಮಾರಿಹೋದದ್ದು, ನನಗಿಂತ ಹದಿನೈದು ವರ್ಷ ದೊಡ್ಡದು. ನಮ್ಮ ದುರ್ಗದ ಬಿಸಿಲಿಗೆ ಅದರ ಎಣ್ಣೆ ಕಾದು ನೀರಾಗುತ್ತಿತ್ತು. ದೊಡ್ಡಪ್ಪ ಬೊಂಬಾಯಿಯಿಂದ ಆಯಿಲ್ ಕೂಲರ್ ತರಿಸಿದರು. ಸಣ್ಣ ರೇಡಿಯೇಟರಿನಂಥದ್ದು, ಅದಕ್ಕೆ ಎರಡು ರಬ್ಬರ್ ಪೈಪು. ಈ ಕಾರಿಗೆಂದು ಮಾಡಿದ್ದಲ್ಲ. ನಿಮ್ಮ ರಿಪೇರಿ ಶೆಡ್ಡಿನಲ್ಲಿ ನೀವು ಕಬ್ಬಿಣದ ಪಟ್ಟಿ ಬಗ್ಗಿಸಿ, ಹಳೇ ಟ್ಯೂಬು ಕೊಯ್ದು ಅಡಿಗಿಟ್ಟು, ಅದನ್ನು ಮುಂದುಗಡೆ ಕೂರಿಸಿದಿರಿ. ಇದು ಯಾಕೆ ಬೇಕು ಅಂತ ನಾನು ಕೇಳಿದ್ದಕ್ಕೆ ಅಂದಿರಿ: "ಕುರಿ ನೋಡಿಲ್ವೇನವ್ವ? ಬಿಸಿಲಾಗೆ ಒಂದರ ಹೊಟ್ಟೆ ಕೆಳಗೆ ಒಂದು ತಲೆ ಇಕ್ಕತಾವೆ. ಎಣ್ಣೆಗೂ ಹಂಗೇ. ಇಂಜಿನ್ನಾಗೆ ಬೆಂದು ಬಂದದ್ದು ಇಲ್ಲೊಂದು ಗಳಿಗೆ ಗಾಳಿಗೆ ನಿಂತು ಹೋಗ್ಲಿ."

ಪೈಪುಗಳ ತುದಿಗೆ ಒಟ್ಟು ನಾಲ್ಕು ನಟ್ಟು. ಒಂದು ಸ್ಪ್ಯಾನರ್ ಹಿಡಿದಿರಬೇಕು, ಇನ್ನೊಂದು ತಿರುಗಿಸಬೇಕು, ಬಿಗಿಯಾದ ಮೇಲೆ ಅಡ್ಡಲಾಗಿ ಒಂದು ಕೆಂಪು ಗೀಟು. ಅದು ನಿಮ್ಮ ಪದ್ಧತಿ. ನಿಮ್ಮ ಬಣ್ಣದ ಡಬ್ಬಿ ಒಣಗಿತ್ತು, ನಾನು ನನ್ನ ನೇಲ್ ಪಾಲಿಶ್ ತಂದುಕೊಟ್ಟೆ. "ಏ ಇದು ಒಳ್ಳೇದಾತು, ಗಾಡಿಗೂ ಮದುವಿ ಮಾಡಾಣ" ಅಂತ ನಕ್ಕಿರಿ. ಮೂರು ನಟ್ಟು ನೀವೇ ಬಿಗಿ ಮಾಡಿದಿರಿ. ನಾಲ್ಕನೆಯದನ್ನು ನನಗೆ ಬಿಟ್ಟು, "ಇಂಜಿನಿಯರ್ ಆಗಾಕಿ ನೀನು, ಮಾಡು" ಅಂತ ಕೈ ತೊಳೆಯಲು ಹೋದಿರಿ.

ಬೆರಳಿನಿಂದ ತಿರುಗಿಸಿ ಕೂರಿಸಿದೆ. ನೇಲ್ ಪಾಲಿಶ್ ಮುಚ್ಚಳ ತೆರೆದೇ ಇತ್ತು, ಒಣಗಿಬಿಡುತ್ತದೆ ಅಂತ ಮೊದಲೇ ಗೀಟು ಎಳೆದುಬಿಟ್ಟೆ. ಸ್ಪ್ಯಾನರ್ ಆಮೇಲೆ ಹಾಕಿದರಾಯಿತು ಅಂತ. ಅಷ್ಟರಲ್ಲಿ ನಾಗತ್ತೆ ಕೂಗಿದರು: "ಏ ಏಕಮ್ಮ, ಬರ್ತೀಯೋ ಇಲ್ಲ ಮುದ್ದೆ ಕಲ್ಲಾಗ್ಲೋ?" ಬಂದೆ. ಹುರುಳಿಕಾಳಿನ ಸಾರು, ಎರಡು ಮುದ್ದೆ. ಉಂಡು ಎದ್ದಾಗ ನಟ್ಟು ತಲೆಯಲ್ಲೇ ಇರಲಿಲ್ಲ. ನೀವು ಬಗ್ಗಿ ಒಂದೊಂದೇ ಗೀಟು ನೋಡಿ, "ನಾಕು" ಅಂತ ಎಣಿಸಿ ಎಣ್ಣೆ ಹೊಯ್ದಿರಿ. ಇಂಜಿನ್ ಓಡಿಸಿದಾಗ ಒಂದು ಹನಿಯೂ ಸೋರಲಿಲ್ಲ.

ಮಾರನೆಯ ಬೆಳಿಗ್ಗೆ ದೊಡ್ಡಪ್ಪ ನನ್ನನ್ನು ಕೂರಿಸಿಕೊಂಡು ಹಿರಿಯೂರಿನ ಕಡೆ ಹೊರಟರು. ಬಬ್ಬೂರಿನ ಹತ್ತಿರ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಸರ್ರನೆ ಕೆಳಗೆ ಬಿತ್ತು. ನಾನು ನೋಡಿದೆ, ಅವರು ನೋಡಲಿಲ್ಲ, ಹಾಡು ಗುನುಗುತ್ತಿದ್ದರು. "ದೊಡ್ಡಪ್ಪಾ" ಅನ್ನುವಷ್ಟರಲ್ಲಿ ಒಳಗೆ ಬಡಿತ ಶುರುವಾಗಿ, ಇಂಜಿನ್ ಕಚ್ಚಿಕೊಂಡು ನಿಂತುಬಿಟ್ಟಿತು. ಹಿಂದಕ್ಕೆ ನೋಡಿದರೆ ರಸ್ತೆಯ ಮೇಲೆ ಉದ್ದಕ್ಕೂ ಕಪ್ಪು ಪಟ್ಟಿ.

ಫೋನು ಮಾಡಲು ದೊಡ್ಡಪ್ಪ ಬಬ್ಬೂರು ಫಾರಮ್ಮಿಗೆ ನಡೆದುಹೋದರು. ನಾನೊಬ್ಬಳೇ ಬಾನೆಟ್ ಎತ್ತಿದೆ. ನಾಲ್ಕನೆಯ ನಟ್ಟು ಸಡಿಲಾಗಿ ಅಲ್ಲಾಡುತ್ತಿತ್ತು. ಅದರ ಮೇಲೆ ನನ್ನ ಗೀಟು.

ಮಾವ, ಆ ಗೀಟನ್ನು ನಾನು ಹೇರ್‌ಪಿನ್ನಿನಿಂದ ಕೆರೆದು ತೆಗೆದೆ.

ಯಾಕೆ ಅಂತ ಈಗ ಕೇಳಿದರೆ ಒಂದೇ ಉತ್ತರ, ಭಯ. ಗೀಟು ಇದ್ದರೆ ಬಿಗಿ ಮಾಡದೆಯೇ ಸುಳ್ಳು ಗುರುತು ಹಾಕಿದವಳು ನಾನು, ಇಲ್ಲದಿದ್ದರೆ ಅದು ಬರೀ ಮರೆವು. ಅಪ್ಪ ಅಮ್ಮ ಇಲ್ಲದವಳಿಗೆ ರಜೆ ಅಂದರೆ ದೊಡ್ಡಪ್ಪನ ಮನೆ. ಬೇರೆ ಮನೆಯಿಲ್ಲ. ನಟ್ಟು ಸುಡುತ್ತಿತ್ತು, ಹೆಬ್ಬೆರಳು ಬೊಬ್ಬೆ ಎದ್ದಿತು, ಆದರೂ ಕೆರೆದೆ.

ನೀವು ಲಾರಿಯಲ್ಲಿ ಬಂದಿರಿ. ಬಗ್ಗಿ ಒಂದು, ಎರಡು, ಮೂರು ಅಂತ ಮುಟ್ಟಿದಿರಿ. ನಾಲ್ಕನೆಯದರ ಹತ್ತಿರ ನಿಮ್ಮ ಕೈ ನಿಂತಿತು. ಅದನ್ನು ನನಗೆ ಬಿಟ್ಟಿದ್ದು ನಿಮಗೆ ಗೊತ್ತಿತ್ತು. ಆದರೂ ಎದ್ದು, "ತಪ್ಪು ನಂದೇ ಸ್ವಾಮಿ, ನಾಕೂ ನಾನೇ ಮಾಡಿದ್ದು" ಅಂದಿರಿ. ದೊಡ್ಡಪ್ಪ ರಸ್ತೆಯಲ್ಲಿ ಹೋಗುವವರಿಗೂ ಕೇಳುವಂತೆ ಕೂಗಿದರು: "ಲೇ ಮುದ್ದಣ್ಣ, ಕಣ್ಣು ಕಾಣಲ್ಲ ಅಂದ್ರೆ ಹೋಗಿ ಕುರಿ ಕಾಯೋ! ಗಾಡಿ ಯಾಕೆ ಮುಟ್ತೀಯ?"

ಅದಕ್ಕೂ ನೀವು ತಲೆ ತಗ್ಗಿಸಿದಿರಿ. ಕಾರನ್ನು ಲಾರಿಗೆ ಹಗ್ಗದಿಂದ ಕಟ್ಟುವಾಗ ನನ್ನ ಹತ್ತಿರ ಬಂದು, ಸಣ್ಣ ದನಿಯಲ್ಲಿ ಕೇಳಿದಿರಿ: "ನಿನ್ನೆ ನಾನು ಕೆಂಪು ನೋಡಿದ್ನಲ್ಲವ್ವ. ನೀನು ಹಾಕಿದ್ದೆ ಅಲ್ವಾ?"

ನಾನು "ಇಲ್ಲ ಮಾವ, ಮರೆತಿದ್ದೆ" ಅಂದೆ.

ನೀವು ಕಣ್ಣು ಉಜ್ಜಿಕೊಂಡು, ಆ ನಟ್ಟನ್ನು ಇನ್ನೊಂದು ಸಲ ಬಗ್ಗಿ ನೋಡಿದಿರಿ. ಆಮೇಲೆ ನನ್ನ ಬೊಬ್ಬೆ ಕಂಡು, ಲಾರಿಯವನ ಹತ್ತಿರ ನೀರು ಇಸಿದುಕೊಂಡು ನನ್ನ ಬೆರಳಿಗೆ ಹೊಯ್ದಿರಿ. ಹೊಯ್ಯುವಾಗ ಉಗುರಿನ ಸಂದಿಯಲ್ಲಿ ಒಂದು ಕೆಂಪು ಚೂರು ಇತ್ತು. ನಿಮಗೆ ಕಂಡಿತೋ ಇಲ್ಲವೋ, ನನಗೆ ಕಾಣುತ್ತಲೇ ಇದೆ. ಬೆರಳು ವಾಸಿಯಾಯಿತು. ಕ್ಲಾಸಿನಲ್ಲಿ ಕೂತಾಗ ಈಗಲೂ ಉಗುರು ಕೆರೆದುಕೊಳ್ಳುತ್ತೇನೆ. ಗೋಡೆ ಗಡಿಯಾರದ ಮುಳ್ಳು ಕೆಳಗಿಳಿದರೆ ಆ ಎಣ್ಣೆಯ ಮುಳ್ಳೇ ಕಾಣುತ್ತದೆ. ಹಾಸ್ಟೆಲಿನ ನಲ್ಲಿ ತೊಟ್ಟಿಕ್ಕಿದರೂ ಎದ್ದು ಹೋಗಿ ತಿರುಗಿಸಿ ಬರುತ್ತೇನೆ.

ನೀವು ಶೆಡ್ಡಿಗೆ ಬೀಗ ಹಾಕಿ ಮಾಡದಕೆರೆಯಲ್ಲಿ ತಮ್ಮನ ಕುರಿ ಕಾಯುತ್ತಿದ್ದೀರಂತೆ. ದೊಡ್ಡಮ್ಮ ಕಾಗದದಲ್ಲಿ ಬರೆದಿದ್ದರು: "ಮುದ್ದಣ್ಣಗೆ ಇಲ್ಲದ್ದೆಲ್ಲ ಕಾಣ್ತೈತಂತೆ, ಸ್ಪ್ಯಾನರ್ ಮುಟ್ಟಂಗಿಲ್ಲ ಅಂತಾನೆ. ಬಸ್ಸು ಬರೋದು ಕಂಡ್ರೂ ಹೌದೋ ಅಲ್ವೋ ಅಂತ ಇನ್ನೊಬ್ಬರ್ನ ಕೇಳ್ತಾನಂತೆ."

ದೊಡ್ಡಪ್ಪನ ಬೈಗುಳಕ್ಕೆ ನೀವು ಹೋದವರಲ್ಲ. ನನ್ನ "ಇಲ್ಲ"ಕ್ಕೆ ಹೋದಿರಿ.

ಮಾವ, ಗುರುತು ಇತ್ತು. ನೀವು ನೋಡಿದ್ದು ನಿಜ. ಎಣಿಸಿದ್ದು ಸರಿ, ನಾಲ್ಕೇ. ನಾಗತ್ತೆ, ಈ ಸಾಲನ್ನು ದಯವಿಟ್ಟು ಇನ್ನೊಂದು ಸಲ ಓದಿ ಹೇಳಿ. ಮಾವ, ನಿಮ್ಮ ಕಣ್ಣಿಗೆ ಏನೂ ಆಗಿಲ್ಲ.

ದೊಡ್ಡಪ್ಪನಿಗೂ ಇದನ್ನೆಲ್ಲ ಬರೆದು ನಿನ್ನೆಯೇ ಅಂಚೆಗೆ ಹಾಕಿದೆ. ಡಬ್ಬದೊಳಗೆ ಬಿಟ್ಟ ಮೇಲೆ ಕೈ ಹಾಕಿ ತೆಗೆಯಲು ನೋಡಿದೆ, ಕೈ ಹೋಗಲಿಲ್ಲ. ಒಳ್ಳೆಯದೇ ಆಯಿತು. ದಸರಾ ರಜೆಗೆ ಆ ಮನೆಯ ಬಾಗಿಲು ನನಗೆ ತೆರೆಯುತ್ತದೋ ಇಲ್ಲವೋ ತಿಳಿಯದು. ನಿಮ್ಮ ಶೆಡ್ಡಿನ ಬೀಗ ತೆಗೆಯಿರಿ ಅಂತ ಕೇಳುವ ಬಾಯಿ ನನಗಿಲ್ಲ. ಬೈಯುವುದಿದ್ದರೆ ಬೈಯಿರಿ, ನಾಗತ್ತೆಯ ಕೈಯಲ್ಲಿ ಹಾಗೇ ಬರೆಸಿ. ನಿಮಗೆ, ಅತ್ತೆಗೆ, ನಿಮ್ಮ ಹಟ್ಟಿಯ ಮರಿಗಳಿಗೆಲ್ಲ ಒಳ್ಳೆಯದಾಗಲಿ.

ನನ್ನ ವಿಳಾಸ ಬರೆದ ಕಾರ್ಡೊಂದನ್ನು ಇದರ ಜೊತೆ ಇಟ್ಟಿದ್ದೇನೆ. ಒಂದೇ ಸಾಲಾದರೂ ಸಾಕು, ಬೇಗ ಉತ್ತರ ಬರೆಸಿ.

ನಿಮ್ಮ ಕಾಲಿಗೆ ಬೀಳುವ,
ಏಕಮ್ಮ