ನೀವು ಹೊರಟ ಮೇಲೆ ನಾವು

ಸೋಮವಾರ, ಮಧ್ಯಾಹ್ನ

ಅಕ್ಕನಿಗೆ ಬಾಲಂಗೋಚಿಯ ಪ್ರೀತಿಯ ಅಪ್ಪುಗೆ.

ನಿನ್ನ ಪತ್ರ ಓದಿ ಕರುಳು ಚುರುಕ್ ಎಂದಿತು. ಮಗಳು ತುಂಬಿದ ಬಸುರಿ, ರಕ್ತದೊತ್ತಡ ಏರಿದೆ, ಹೆರಿಗೆಯವರೆಗೆ ಹಾಸಿಗೆ ಬಿಟ್ಟು ಅಲುಗಬಾರದು ಎಂದಿದ್ದಾರಂತೆ ಡಾಕ್ಟರು. ಭಾವ ಬೇಕಾದರೆ ಮುಂದಿನ ಶುಕ್ರವಾರವೇ ಹೊರಡಲಿ, ನಾವು ತಾಯಿ ಮಗಳು ಮಾತ್ರ ಹೆರಿಗೆಯಾಗುವವರೆಗೆ ರಾಯಭಾರಿ ನಿವಾಸದ ಹಿಂದಿನ ಕೋಣೆಯಲ್ಲಿ ಉಳಿಯುತ್ತೇವೆ, ನಿನ್ನ ಗಂಡನಿಗೊಂದು ಮಾತು ಹೇಳು ಎಂದು ಬರೆದಿದ್ದೀಯ. ಭಾವನ ಜಾಗಕ್ಕೆ ಬರುವ ಹೊಸ ರಾಯಭಾರಿ ನನ್ನ ಗಂಡನೇ ಆಗಿರುವಾಗ ನೀನು ಇನ್ಯಾರನ್ನು ಕೇಳಬೇಕು?

ಹೇಳಿದೆ ಅಕ್ಕಾ. ಅದಕ್ಕೇನಂತೆ, ಇರಲಿ ಬಿಡು ಅಂದರು. ಬೇಡ ಅಂದವಳು ನಾನು.

ಹೇಳಿದ ದಿನ ಹಳಬರು ವಿಮಾನ ಹತ್ತಬೇಕು, ಹೇಳಿದ ದಿನ ಹೊಸಬರು ಇಳಿಯಬೇಕು. ಈ ನಿಯಮವನ್ನು ನನಗೆ ಕಲಿಸಿದವಳು ನೀನೇ. ಹಿಂದೆ ಇವರಿಗೆ ಹೊರದೇಶಕ್ಕೆ ವರ್ಗವಾದಾಗ ಭಾವ ಇಲಾಖೆಯಲ್ಲಿ ವರ್ಗಾವಣೆ ನೋಡುತ್ತಿದ್ದರು, ಅಪ್ಪ ಆಸ್ಪತ್ರೆಯಲ್ಲಿ ನನ್ನ ಕೈ ಬಿಡದೆ ಮಲಗಿದ್ದರು. ನಮ್ಮ ಪ್ರಯಾಣ ಒಂದು ವಾರ ಮುಂದೆ ಹಾಕಿಸು ಎಂದು ನಿನ್ನನ್ನು ಬೇಡಿಕೊಂಡೆ. ಕಾಲು ಹಿಡಿಯುವುದೊಂದು ಬಾಕಿ. ನೀನು ಉಗುರಿಗೆ ಬಣ್ಣ ಹಚ್ಚುತ್ತಾ, ಕರ್ತವ್ಯ ಮೊದಲು ಕಣೇ, ಅಪ್ಪನನ್ನ ನಾನು ನೋಡ್ಕೋತೀನಿ ಅಂದೆ. ನಾವು ಅಲ್ಲಿ ಇಳಿಯುವಷ್ಟರಲ್ಲಿ ಇಲ್ಲಿ ಎಲ್ಲಾ ಮುಗಿದಿತ್ತು. ಅಪ್ಪ ಕೊನೆಗೆ ಯಾರನ್ನು ಕೇಳಿದರು ಎಂದು ನೀನು ಇಂದಿಗೂ ಬಾಯಿ ಬಿಟ್ಟಿಲ್ಲ. ನಾನೂ ಕೆದಕಿಲ್ಲ.

ನಿವಾಸ ಬಿಟ್ಟ ದಿನವೇ ನರ್ಸು, ಕಾರು, ಆಸ್ಪತ್ರೆಯ ಸೌಲಭ್ಯ ಎಲ್ಲ ನಿಲ್ಲುತ್ತವೆ, ಮಗಳನ್ನು ಎಲ್ಲಿಗೆ ಹೊತ್ತೊಯ್ಯಲಿ ಎಂದು ಕೇಳಿದ್ದೀಯ. ಹೋಟೆಲಿನಲ್ಲೂ ಹಾಸಿಗೆ ಇರುತ್ತದಲ್ಲ. ಹೊರಡುವ ಮುನ್ನ ಹಿಂದಿನ ಕೋಣೆಯ ಕಿಟಕಿ ತೆರೆಸಿಡು, ಔಷಧದ ವಾಸನೆ ಹೋಗಲಿ. ಅಲ್ಲಿ ನನ್ನ ಹೊಲಿಗೆ ಯಂತ್ರ ಇಡಬೇಕೆಂದಿದ್ದೇನೆ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ. ನಿನ್ನೆ ಮಗಳೇ ಫೋನ್ ಮಾಡಿದ್ದಳು. ಚಿಕ್ಕಮ್ಮಾ, ನನಗೆ ಭಯ ಆಗ್ತಿದೆ, ನಾವು ಇಲ್ಲೇ ಇರಬಹುದು ಅಂತ ನೀನಾದ್ರೂ ಹೇಳು ಎಂದು ಬಿಕ್ಕಿ ಬಿಕ್ಕಿ ಅತ್ತಳು. ನನ್ನ ಮಡಿಲಲ್ಲಿ ಆಡಿ ಬೆಳೆದ ಕೂಸು. ಒಂದು ಗಳಿಗೆ ಹೂಂ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳೇಕೆ ಹೇಳಲಿ. ಆಮೇಲೆ, ಕರ್ತವ್ಯ ಮೊದಲು ಕಣೇ ಅಂದೆ. ನಿನ್ನ ಮಾತು ನನ್ನ ಬಾಯಲ್ಲಿ ಎಷ್ಟು ಸಲೀಸಾಗಿ ಬಂತು ಗೊತ್ತಾ? ಅವಳು ಅಳು ನಿಲ್ಲಿಸಿ, ಸರಿ ಚಿಕ್ಕಮ್ಮಾ ಎಂದು ಫೋನ್ ಇಟ್ಟಳು. ಅಪ್ಪನ ಮೊಮ್ಮಗಳು, ಎರಡನೇ ಸಲ ಕೇಳುವವಳಲ್ಲ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಆರೋಗ್ಯ ಜೋಪಾನ.

ಚಿಕ್ಕಂದಿನಿಂದ ನಿನ್ನ ಹಿಂದೆಯೇ ಬಂದ,
ಬಾಲಂಗೋಚಿ

ಮತ್ತೆ: ಮರೆತೇಬಿಟ್ಟಿದ್ದೆ. ನಾವು ಆ ವಾರ ಬರುತ್ತಿಲ್ಲ. ಇವರಿಗೆ ಹಲ್ಲುನೋವು, ಕೇಳಿದ ಕೂಡಲೇ ಇಲಾಖೆಯವರು ನಮ್ಮ ಪ್ರಯಾಣವನ್ನು ಬರುವ ತಿಂಗಳಿಗೆ ಹಾಕಿದರು. ನಿಮ್ಮ ಶುಕ್ರವಾರ ಮಾತ್ರ ಕದಲದಂತೆ ನಾನೇ ನೋಡಿಕೊಂಡಿದ್ದೇನೆ. ನಾವು ಬರುವವರೆಗೆ ಮನೆ ಖಾಲಿಯೇ ಇರುತ್ತದೆ. ಹಿಂದಿನ ಕೋಣೆಗೆ ಮರೆಯದೆ ಬೀಗ ಹಾಕಿಸು.