ಎಂಟು ಮನೆಗಳ ಬಿಸಿನೀರು

ಬ್ಯೂನಸ್ ಐರಿಸ್
ಜುಲೈ 12, ಶುಕ್ರವಾರ

ನನ್ನ ಮುದ್ದಿನ ಗ್ರಿಸೆಲ್ಡಾ,

ನಿನಗೂ ನನ್ನ ಮೊಮ್ಮಗ ಸೀರೊಗೂ ಎರಡು ತೋಳು ತುಂಬುವಷ್ಟು ಅಪ್ಪುಗೆ. ಚಳಿಗಾಲದ ರಜೆಗೆ ನೀವು ಬರುವ ವಿಚಾರ: ಈ ಸಲ ಬೇಡ ಮಗಳೇ. ಒಳಕೋಣೆಗೆ ಬಣ್ಣ ಹೊಡೆಸುತ್ತಿದ್ದೇನೆ, ಮಗುವನ್ನು ಮಲಗಿಸಲು ಜಾಗವಿಲ್ಲ. ರೊಸಾರಿಯೊದಿಂದ ನೀನು ಕಳಿಸಿದ್ದ ವಿಷಗಾಳಿಯ ಅಲಾರಂ ಅನ್ನೂ ಈ ಪಾರ್ಸೆಲಿನಲ್ಲೇ ಹಿಂದಿರುಗಿಸುತ್ತಿದ್ದೇನೆ, ಸೀರೊಗೆಂದು ಹೆಣೆದ ಸ್ವೆಟರಿನಲ್ಲಿ ಸುತ್ತಿ. ಅದು ಕೆಟ್ಟಿದೆ.

ಹೇಗೆ ಕೆಟ್ಟಿತು ಎನ್ನುವೆಯಾ? ಕೇಳು! ಮಂಗಳವಾರ ಮಧ್ಯಾಹ್ನ. ನಾನು ಮಾಟೆ ಕಷಾಯ ಹೀರುತ್ತ ಕುಳಿತಿದ್ದೆ. ಗೋಡೆಯ ಮೇಲಿನ ಆ ಅಂಗೈಯಗಲದ ಡಬ್ಬಿ, ರಾಜನ ಹೆಣ ಕಂಡ ದಾಸಿಯ ಹಾಗೆ ಒಮ್ಮೆಲೇ ಚೀರಿತು. ನಾಲ್ಕು ಕೂಗು, ಒಂದು ಉಸಿರು, ಮತ್ತೆ ನಾಲ್ಕು ಕೂಗು. ಬ್ಯಾಟರಿ ಸೊರಗಿದರೆ ಆಗೊಮ್ಮೆ ಈಗೊಮ್ಮೆ ಚಿಂವ್ ಎನ್ನುತ್ತದೆ, ನಾಲ್ಕು ನಾಲ್ಕಾಗಿ ಕೂಗಿದರೆ ಮನೆಯಲ್ಲಿ ವಾಸನೆಯಿಲ್ಲದ ವಿಷಗಾಳಿ ಎಂದು ನೀನೇ ಫೋನಿನಲ್ಲಿ ಪಾಠ ಹೇಳಿದ್ದೆಯಲ್ಲ. ಗುಂಡಿ ಒತ್ತಿದೆ, ಸುಮ್ಮನಾಯಿತು. ಕುರ್ಚಿಗೆ ಮರಳುವಷ್ಟರಲ್ಲಿ ಮತ್ತೆ ಶುರು. ಗ್ಯಾಸ್ ಹೀಟರು ಆರಿಸಿದೆ, ಒಲೆ ಆರಿಸಿದೆ. ಆದರೂ ಕೂಗಿತು. ನನ್ನ ಮನೆಯಲ್ಲಿ ಕಿಡಿಯೇ ಇಲ್ಲವೆಂದ ಮೇಲೆ, ಗಾಳಿ ಬರುತ್ತಿರುವುದು ಎಲ್ಲ ಮನೆಗಳೂ ಹಂಚಿಕೊಂಡ ಹೊಗೆಕೊಳವೆಯಿಂದಲೇ ಇರಬೇಕು.

ಗ್ಯಾಸ್ ಕಚೇರಿಗೆ ಫೋನ್ ಮಾಡಲು ಕೈಯೆತ್ತಿದ್ದೆ. ಅಷ್ಟರಲ್ಲಿ ಬಾಗಿಲಿಗೆ ಮೆರವಣಿಗೆ ಬಂತು. ಮುಂದೆ ಕಟ್ಟಡದ ಯಜಮಾನಿಕೆ ಹೊತ್ತ ಕೆಳಮನೆಯ ದೋನ್ ಎವರಿಸ್ತೊ, ಹಿಂದೆ ತಲೆಗೆ ಟವೆಲ್ ಸುತ್ತಿಕೊಂಡ ಪಕ್ಕದ ಮನೆಯ ಪೋಚಾ.

"ಎರ್ಸಿಲಿಯಾ, ಆ ಸೈತಾನನ ಬಾಯಿ ಮೊದ್ಲು ಮುಚ್ಸಮ್ಮ," ಎಂದ ಎವರಿಸ್ತೊ. "ಗ್ಯಾಸಿನೋರು ಬಂದ್ರೆ ನಿನ್ನ ಮನೆ ಒಂದನ್ನೇ ನೋಡ್ಕೊಂಡು ಹೋಗಲ್ಲ. ಇಡೀ ಕಟ್ಟಡದ ಗ್ಯಾಸಿಗೇ ಸೀಲು ಜಡೀತಾರೆ. ಎದುರುಗಡೆಯೋರ ಗತಿ ಕಂಡಿದ್ದೀಯಲ್ಲ?"

ಕಂಡಿದ್ದೇನೆ. ಎರಡು ಚಳಿಗಾಲ ಅವರು ಕರೆಂಟಿನ ಕೆಟಲಿನಲ್ಲಿ ನೀರು ಕಾಯಿಸಿ ಬಕೆಟ್ಟಿನಲ್ಲಿ ಮಿಂದರು. ದೂರು ಕೊಟ್ಟ ಹೆಂಗಸಿಗೆ ಬೇಕರಿಯವನೂ ಮುಖ ಕೊಟ್ಟು ಮಾತಾಡಲಿಲ್ಲ.

ಪೋಚಾ ಸುಮ್ಮನಿರುವವಳೇ? "ಮಗಳು ರೊಸಾರಿಯೊದಲ್ಲಿ ಬೆಚ್ಗೆ ಕೂತ್ಕೊಂಡು, ನಮ್ಗೆಲ್ಲ ತಣ್ಣೀರು ಮೀಯ್ಸೋ ಯಂತ್ರ ಕಳ್ಸಿದಾಳೆ ನೋಡಿ!" ಮೆಟ್ಟಿಲ ಮೇಲೆ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ.

ಎವರಿಸ್ತೊನ ಅಡುಗೆಮನೆಗೂ ಇಳಿದು ನೋಡಿದೆ. ಅವನ ಗೀಸರಿನ ಜ್ವಾಲೆ ನೀಲಿಯಿರಬೇಕಾದದ್ದು ಹಳದಿಯಾಗಿ ಓಲಾಡುತ್ತಿತ್ತು; ವಿಷಗಾಳಿ ಹುಟ್ಟುವುದು ಅಂಥ ಉರಿಯಲ್ಲೇ. ಕೇಳಿದರೆ, "ಬಣ್ಣ ಯಾವುದಾದ್ರೇನು, ನೀರು ಕಾಯ್ತದಲ್ಲ?" ಎಂದ. ಕೊನೆಗೆ ಎಂಟೂ ಮನೆಯವರು ತೀರ್ಪು ಕೊಟ್ಟರು: ಯಂತ್ರ ಕೆಟ್ಟಿದೆ. ನಾನು ಹೂಂ ಎಂದೆ, ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಅಂದಿನಿಂದ ತಲೆ ಸ್ವಲ್ಪ ನೋಯುತ್ತದೆ. ಚಳಿಗಿರಬೇಕು, ಚಿಂತಿಸಬೇಡ.

ಸ್ವೆಟರಿನ ತೋಳು ಉದ್ದವಾದರೆ ಮಡಚು.

ಎಂದೆಂದೂ ನಿನ್ನ
ಅಮ್ಮ, ಎರ್ಸಿಲಿಯಾ

ತಾ.ಕ.: ಬಸ್ ನಿಲ್ದಾಣದ ಪಾರ್ಸೆಲ್ ಕಿಟಕಿಯ ಮುಂದೆ ನಿಂತು ಇದನ್ನು ಸೇರಿಸುತ್ತಿದ್ದೇನೆ. ಮನೆಯಿಂದ ಹೊರಡುವಾಗ ಅದು ಸ್ವೆಟರಿನೊಳಗಿಂದಲೂ ಕೂಗುತ್ತಿತ್ತು. ಬೀದಿಯ ಗಾಳಿ ತಾಗಿದ ಮೇಲೆ ತಾನಾಗಿ ಸುಮ್ಮನಾಯಿತು. ನನ್ನ ತಲೆನೋವೂ ಇಳಿಯಿತು. ಅದು ಕೆಟ್ಟಿಲ್ಲ ಗ್ರಿಸೆಲ್ಡಾ; ನಾನು ಬಣ್ಣವನ್ನೂ ಹೊಡೆಸುತ್ತಿಲ್ಲ. ಸೀರೊ ಮಲಗುವ ಕೋಣೆಯಲ್ಲಿ ಅದನ್ನು ತೂಗುಹಾಕು, ಅವನನ್ನು ಇಲ್ಲಿಗೆ ಕರೆತರಬೇಡ. ನಾನಿನ್ನು ಮನೆಗೆ ಹೋಗುತ್ತೇನೆ. ನನಗೆ ಚಳಿ ತಾಗದಿರಲೆಂದು ಪೋಚಾ ಬೆಳಿಗ್ಗೆ ಬಂದು ಗೋಡೆಯ ಗಾಳಿಕಿಂಡಿಗಳಿಗೆಲ್ಲ ಹಳೆಬಟ್ಟೆ ತುರುಕಿ ಹೋಗಿದ್ದಾಳೆ. ಈಗ ಎಲ್ಲರಿಗೂ ನನ್ನ ಮೇಲೆ ತುಂಬ ಪ್ರೀತಿ.